ಫ್ಲಾಟ್ ಟಾಪ್ಸ್ ಬೆಟ್ಟದಲ್ಲಿ ಎಂಟು ದಿನ: ಮಗಳ ಮೊದಲ ಎಲ್ಕ್ ಶಿಕಾರಿ

ನಮ್ಮೂರು ಕೊಡಗಲ್ಲಿ ಸೋಮವಾರಪೇಟೆ ಕಡೆ. ಜಮ್ಮಾ ಹಿಡುವಳಿ (ತಲೆತಲಾಂತರದಿಂದ ಬಂದ ಜಮೀನಿನ ಹಕ್ಕು) ಇರೋ ಮನೆ, ಹಂಗಾಗಿ ಕೋವಿಗೆ ಲೈಸೆನ್ಸ್ ಬೇಕಾಗಿಲ್ಲ, ಆದ್ರೆ ನಾನು ಹುಟ್ಟೋ ಹೊತ್ತಿಗೆ ಆ ಕೋವಿ ಗೋಡೆ ಮೇಲೆ ಸೇರ್ಕೊಂಡಿತ್ತು. 1972ರ ವನ್ಯಜೀವಿ ಕಾಯಿದೆ ಬಂದ್ಮೇಲೆ ನಮ್ಮಜ್ಜ ಶಿಕಾರಿ ಬಿಟ್ಟುಬಿಟ್ರು, ಆಮೇಲೆ ಕೈಲ್ ಮುಹೂರ್ತದ ದಿನ ಇಳಿಸಿ ಒರೆಸಿ ಪೂಜೆ ಮಾಡಿ ತೆಂಗಿನಕಾಯಿಗೆ ಈಡು ಹೊಡೆಯೋದು ಅಷ್ಟೇ. ಆದ್ರೆ ಕಥೆಗಳು ಮಾತ್ರ ನಿಂತಿರ್ಲಿಲ್ಲ. ಮರಸು ಕೂತಿದ್ದು (ಅಡಗಿ ಕಾಯೋದು), ಪ್ರಾಣಿ ದಾಟೋ ಕಂಡಿಗೆ ಯಾರು ಹೋದ್ರು, ಯಾರ ನಾಯಿ ಹೆಂಗೆ ಸೋವಿ ಓಡಿಸ್ತು, ಪಾಲು ಹಾಕುವಾಗ ನಾಯಿಗೂ ಒಂದು ಪಾಲು ಇಡ್ತಿದ್ದಿದ್ದು, ಮಳೆಗಾಲ ಪೂರ್ತಿ ಒಲೆ ಮುಂದೆ ಇದೇ ಮಾತು. ಅಜ್ಜ ಯಾವ ಕಥೆ ಶುರು ಮಾಡಿದ್ರೂ ಮೊದಲು "ಗಾಳಿ ಆ ಕಡೆಯಿಂದ ಇತ್ತು" ಅಂತಾನೇ ಶುರು ಮಾಡೋರು.

ಈಗ ಡೆನ್ವರ್ ಹತ್ರ ಹದಿನೆಂಟು ವರ್ಷದಿಂದ ಇದೀನಿ. ಕೊಲೊರಾಡೋದಲ್ಲಿ ಸುಮಾರು 2,80,000 ಎಲ್ಕ್ ಇವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಎಲ್ಕ್ ಅಂದ್ರೆ ನಮ್ಮ ಕಡವೆಯ ಬಳಗವೇ, ಗಂಡು 300 ಕೆಜಿ ದಾಟುತ್ತೆ, ಹೆಣ್ಣು 220-230 ಕೆಜಿ ಬರುತ್ತೆ. ನೂರು ವರ್ಷದ ಹಿಂದೆ ಹೊಡ್ದು ಹೊಡ್ದು ಮುಗಿಸೇ ಬಿಟ್ಟಿದ್ರು, ಆಮೇಲೆ ವ್ಯೋಮಿಂಗ್ ಕಡೆಯಿಂದ ತಂದು ಬಿಟ್ಟು, ಸೀಸನ್ನು, ಟ್ಯಾಗು (ಒಂದು ಪ್ರಾಣಿಗೆ ಒಂದು ಪರವಾನಗಿ ಚೀಟಿ), ಲೆಕ್ಕ ಎಲ್ಲ ಬಿಗಿ ಮಾಡಿ ಉಳಿಸ್ಕೊಂಡ್ರು. ಇಲ್ಲಿ ರೈಫಲ್ ಮತ್ತು ತೋಟಾ ಮೇಲೆ 11 ಪರ್ಸೆಂಟ್ ಟ್ಯಾಕ್ಸ್ ಇದೆ, 1937ರ ಕಾನೂನಿನ ಪ್ರಕಾರ ಆ ದುಡ್ಡು ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. ನಮ್ಮಲ್ಲಿ ಬಂದ್ ಮಾಡಿ ಉಳಿಸಿದ್ರು, ಇಲ್ಲಿ ಲೆಕ್ಕ ಇಟ್ಟು ಉಳಿಸಿದ್ರು, ಎರಡಕ್ಕೂ ಅದರದೇ ಕಾರಣ ಇದೆ ಅಂತ ನನಗನ್ಸುತ್ತೆ.

ಮಗಳಿಗೆ ಹದಿನೈದು. ಹಂಟರ್ ಎಜುಕೇಶನ್ ಕೋರ್ಸ್ ಮಾಡಿ ಕಾರ್ಡ್ ತಗೊಂಡಿದ್ಳು (1949ರಲ್ಲಿ ಅಥವಾ ಆಮೇಲೆ ಹುಟ್ಟಿದೋರಿಗೆ ಸಾಮಾನ್ಯವಾಗಿ ಅದಿಲ್ದೆ ಲೈಸೆನ್ಸ್ ಇಲ್ಲ), ಏಪ್ರಿಲ್‌ನಲ್ಲಿ ಟ್ಯಾಗಿನ ಲಾಟರಿ ಡ್ರಾಗೆ ಹಾಕಿದ್ವಿ, ಅವಳಿಗೆ ಹೆಣ್ಣು ಎಲ್ಕ್ ಟ್ಯಾಗ್ ಬಂತು. ನಾನು ಸೆಕೆಂಡ್ ರೈಫಲ್ ಸೀಸನ್ನಿಗೆ ಅಂಗಡಿಯಲ್ಲೇ ಸಿಗೋ ಗಂಡು ಟ್ಯಾಗ್ ತಗೊಂಡೆ. 2024ರಲ್ಲಿ ಆ ಸೀಸನ್ ಅಕ್ಟೋಬರ್ 26ರಿಂದ ನವೆಂಬರ್ 3ರವರೆಗೆ ಇತ್ತು. ನಮ್ಜೊತೆ ನನ್ನ ಬಾಮೈದ, ಮತ್ತೆ ಪಕ್ಕದ್ಮನೆ ಹಿರಿಯರು. ಅವರಿಗೆ ಎಪ್ಪತ್ತೊಂದು ವರ್ಷ, ದನದ ಡಾಕ್ಟರ್ ಆಗಿ ರಿಟೈರ್ ಆದೋರು, ನನಗೆ ಇಲ್ಲಿನ ಕಾಡು ಕಲಿಸಿದ್ದೇ ಅವರು.

ದಿನ 1, ಶುಕ್ರವಾರ

ಬೆಳಗ್ಗೆ ನಾಲ್ಕಕ್ಕೆ ಬಿಟ್ವಿ. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಟನಲ್ ದಾಟಿ, ಗ್ಲೆನ್‌ವುಡ್ ಕಣಿವೆ ದಾಟಿ, ರೈಫಲ್ ಅನ್ನೋ ಊರಲ್ಲಿ ಬಲಕ್ಕೆ ತಿರುಗಿ ಮೀಕರ್‌ಗೆ. ಮೀಕರ್ ಪೂರ್ತಿ ಆರೆಂಜ್ ಟೋಪಿಗಳು, ಪೆಟ್ರೋಲ್ ಬಂಕಲ್ಲೂ ಅದೇ, ಹೋಟೆಲ್‌ಲ್ಲೂ ಅದೇ. ಇದು ಯೂಟ್ ಅನ್ನೋ ಮೂಲನಿವಾಸಿ ಜನರ ನೆಲ. 1879ರಲ್ಲಿ ಇಲ್ಲಿನ ಸರ್ಕಾರಿ ಏಜೆಂಟ್ ನೇಥನ್ ಮೀಕರ್, ಯೂಟ್ ಜನರ ಕುದುರೆ ಮೇಯೋ ಹುಲ್ಲುಗಾವಲು ಉಳೋಕೆ ಹೋಗಿ ಜಗಳ ಆಗಿ ಸತ್ತ, ಅದರ ಮೇಲೆ ಇಲ್ಲಿನ ಯೂಟ್ ಜನರನ್ನ ಯೂಟಾಗೆ ಸಾಗಿಸಿಬಿಟ್ರು. ಊರಿಗೆ ಮಾತ್ರ ಅವನ ಹೆಸರೇ ಉಳೀತು. ಹಿರಿಯರು ಪ್ರತಿ ಸಲ ಈ ಊರು ದಾಟುವಾಗ ಇದನ್ನ ಹೇಳ್ತಾರೆ, ಈ ಸಲ ಮಗಳಿಗೆ ಹೇಳಿದ್ರು.

ಅಲ್ಲಿಂದ ವೈಟ್ ರಿವರ್ ಪಕ್ಕದಲ್ಲೇ ಬ್ಯೂಫರ್ಡ್ ಕಡೆ ಹತ್ತಿ, ಫ್ಲಾಟ್ ಟಾಪ್ಸ್ ವಿಲ್ಡರ್‌ನೆಸ್ (ಗಾಡಿ ಬಿಡದೆ ಕಾಪಾಡಿರೋ ಕಾಡು) ಗಡಿಯ ಹೊರಗೆ ಸುಮಾರು 9,600 ಅಡಿ ಎತ್ತರದಲ್ಲಿ ಡೇರೆ ಹಾಕಿದ್ವಿ. ಕ್ಯಾನ್ವಾಸ್ ಡೇರೆ, ಒಳಗೆ ಕಟ್ಟಿಗೆ ಒಲೆ, ಹೊಗೆಗೆ ಕೊಳವೆ. ಅನ್ನಕ್ಕೆ ಕುಕ್ಕರ್ ಬೇಕೇ ಬೇಕು, ಈ ಎತ್ತರದಲ್ಲಿ ನೀರು 90 ಡಿಗ್ರಿ ಸುಮಾರಿಗೇ ಕುದಿಯುತ್ತೆ, ಬರೀ ಪಾತ್ರೇಲಿಟ್ರೆ ಗಂಟೆಗಟ್ಲೆ ಕುದ್ರೂ ಅಕ್ಕಿ ನಡುವೆ ಗಟ್ಟಿ. ಹೆಂಡತಿ ಫ್ರೀಜ್ ಮಾಡಿದ ಅಕ್ಕಿ ರೊಟ್ಟಿ, ಚಟ್ನಿಪುಡಿ, ಒಂದು ಸಣ್ಣ ಬಾಟ್ಲಿ ಕಾಚಂಪುಳಿ (ನಮ್ಮ ಕಡೆ ಮಾಂಸಕ್ಕೆ ಹಾಕೋ ಹುಳಿ), ಪೇಪರಲ್ಲಿ ಸುತ್ತಿದ ಒಂದು ಮಣ್ಣಿನ ಹಣತೆ ಇಟ್ಟಿದ್ಳು. ಗುರುವಾರ ದೀಪಾವಳಿ ಅಲ್ವಾ.

ದಿನ 2, ಶನಿವಾರ

ಇಲ್ಲಿ ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚೆಯಿಂದ ಮುಳುಗಿದ ಅರ್ಧ ಗಂಟೆವರೆಗೆ ಮಾತ್ರ ಈಡು ಹೊಡೀಬಹುದು, ಅಂದ್ರೆ ಆ ವಾರ ಬೆಳಗ್ಗೆ ಏಳು ಗಂಟೆ ಸುಮಾರಿಗೆ ಶುರು. ನಾಲ್ಕೂಮುಕ್ಕಾಲಿಗೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಹತ್ತೋಕೆ ಶುರು ಮಾಡಿದ್ವಿ. ಮೇಲೆ 500 ಚದರ ಇಂಚು ಆರೆಂಜ್ ಇರ್ಲೇಬೇಕು, ತಲೆಗೂ ಇರ್ಬೇಕು. ಪಿಂಕ್ ಕೂಡ ಆಗುತ್ತೆ, ಮಗಳು ಪಿಂಕ್ ಹಾಕಿದ್ಳು.

ಸೆಪ್ಟೆಂಬರ್‌ನಲ್ಲಿ ಬಂದ್ರೆ ಗಂಡು ಎಲ್ಕ್ ಕೂಗೋದು ಕಣಿವೆ ಪೂರ್ತಿ ಕೇಳುತ್ತೆ, ಕೊಳಲಿನ ಥರ ಶುರುವಾಗಿ ಕೊನೇಲಿ ಗೊರಗೊರ ಅನ್ನುತ್ತೆ. ಅಕ್ಟೋಬರ್ ಕೊನೆಗೆ ಆ ಜೋರೆಲ್ಲ ಮುಗಿದು ದೊಡ್ಡ ಗಂಡುಗಳು ಗುಂಪು ಬಿಟ್ಟು ದಟ್ಟ ಸ್ಪ್ರೂಸ್ ಕಾಡಲ್ಲಿ ಮಲಗಿಬಿಡ್ತವೆ. ಶಬ್ದ ಇಲ್ಲ, ಸೂಚನೆ ಇಲ್ಲ. 1940ರ ದಶಕದಲ್ಲಿ ಇಲ್ಲಿ ಒಂದು ಹುಳ ಬಂದು ಲಕ್ಷಾಂತರ ಸ್ಪ್ರೂಸ್ ಮರ ಒಣಗಿಸಿತ್ತು, ಅವುಗಳಲ್ಲಿ ಎಷ್ಟೋ ಬೂದು ಬಣ್ಣಕ್ಕೆ ತಿರುಗಿ ಈಗ್ಲೂ ನಿಂತಿವೆ, ಬಿದ್ದಿದ್ದು ಅಡ್ಡಾದಿಡ್ಡಿ. ಒಂದು ಮೈಲಿ ಹೋಗೋಕೆ ಎರಡು ಗಂಟೆ, ಕಾಲೆತ್ತಿ ದಾಟು, ಬಗ್ಗು, ಮತ್ತೆ ದಾಟು.

ಸಂಜೆವರೆಗೆ ಕಂಡಿದ್ದು ಹಿಕ್ಕೆ, ಹಳೇ ಹೆಜ್ಜೆ, ಮತ್ತೆ ದೂರದಲ್ಲಿ ಬೇರೆಯವರ ಎರಡು ಈಡಿನ ಶಬ್ದ. ಬಾಮೈದನಿಗೆ ರಾತ್ರಿ ತಲೆನೋವು, ಎರಡು ಸಲ ವಾಂತಿ. ನೀರು ಕುಡಿಸಿದ್ವಿ, ಮಾತ್ರೆ ಕೊಟ್ವಿ.

ದಿನ 3, ಭಾನುವಾರ

ಬಾಮೈದ ಬೆಳಗ್ಗೆ ಎದ್ದು ಕೂತು "ಬಾವ, ನಂಗೆ ಆಗ್ತಿಲ್ಲ" ಅಂದ. ಎತ್ತರದ ಕಾಯಿಲೆಗೆ ಒಂದೇ ನಿಜವಾದ ಮದ್ದು, ಕೆಳಗಿಳಿಯೋದು. ಹಿರಿಯರು ಅವನನ್ನ ಗಾಡೀಲಿ ಮೀಕರ್‌ಗೆ ಕರ್ಕೊಂಡು ಹೋದ್ರು, ಅಲ್ಲಿ ಬರೀ 6,200 ಅಡಿ. ಮೊದಲ ದಿನಾನೇ ಒಂದು ರಾತ್ರಿ ಅಲ್ಲಿ ತಂಗಿ ಬರ್ಬೇಕಿತ್ತು, ಅದು ನನ್ನ ತಪ್ಪು, ಆತುರ ಮಾಡಿದ್ದು ನಾನೇ.

ಸಂಜೆ ನಾನು ಮಗಳು ಇಬ್ರೇ ಒಂದು ದಿಬ್ಬದ ಮೇಲೆ ಬಿದ್ದ ಮರದ ಹಿಂದೆ ಮರಸು ಕೂತ್ವಿ. ಆರು ಇಪ್ಪತ್ತರ ಹೊತ್ತಿಗೆ ಎದುರು ಬೆಟ್ಟದ ಕಾಡಿನ ಅಂಚಿಂದ ಒಂದು ಗಂಡು ಹೊರಗೆ ಬಂತು. ಸುಮ್ನೆ ಬಂತು, ಯಾರೋ ಬಾಗಿಲು ತೆಗೆದು ಅಂಗಳಕ್ಕೆ ಬಂದಂಗೆ. ರೇಂಜ್‌ಫೈಂಡರಲ್ಲಿ 290 ಗಜ. ನನ್ನ ಎದೆ ಹೊಡ್ಕೊಳ್ಳೋದು ಕಿವೀಲಿ ಕೇಳ್ತಿತ್ತು. ಆದ್ರೆ ಇಲ್ಲಿ ರೂಲ್ ಏನಂದ್ರೆ ಒಂದು ಕಡೆ ಕೊಂಬಿನಲ್ಲಿ ನಾಲ್ಕು ಕವಲಿರ್ಬೇಕು, ಇಲ್ಲ ಅಂದ್ರೆ ಹಣೆ ಹತ್ರದ ಕವಲು ಐದಿಂಚಾದ್ರೂ ಇರ್ಬೇಕು. ಬೈನಾಕ್ಯುಲರ್‌ನಲ್ಲಿ ಮೂರು ಕವಲು ಸ್ಪಷ್ಟವಾಗಿ ಕಾಣ್ತಿತ್ತು, ನಾಲ್ಕನೇದು ಹಿಂದಿನ ಕೊಂಬೆ ಜೊತೆ ಸೇರ್ಕೊಂಡಿತ್ತು. ಅದು ಹೌದಾ ಅಲ್ವಾ. ತಲೆ ತಿರುಗಿಸ್ಲಿ ಅಂತ ಕಾಯ್ತಾ ಕೂತೆ. ತಿರುಗಿಸ್ತು, ಆದ್ರೆ ಅಷ್ಟೊತ್ತಿಗೆ ಬೆಳಕು ಹೋಗಿತ್ತು, ಕೊಂಬು ಕಾಡು ಎಲ್ಲ ಒಂದೇ ಬಣ್ಣ.

"ಅಪ್ಪ, ನಿಂಗೆ ನಾಲ್ಕು ಕಾಣ್ತಾ?" ಅಂತ ಪಿಸುಮಾತಲ್ಲಿ ಕೇಳಿದ್ಳು.

"ಇಲ್ಲ ಕಂದ."

ಸೇಫ್ಟಿ ಹಾಕಿ ತೋಟಾ ತೆಗೆದು ಜೇಬಿಗಿಟ್ಟೆ. ಅದು ಹಂಗೇ ಮೇಯ್ತಾ ಮೇಯ್ತಾ ಕತ್ತಲೆಗೆ ಹೋಯ್ತು. ಡೇರೆಗೆ ವಾಪಸ್ ಬರೋ ಎರಡು ಗಂಟೆ ದಾರೀಲಿ ನಾಲ್ಕು ಇತ್ತು, ನಾಲ್ಕು ಇತ್ತು ಅಂತ ಮನಸ್ಸು ಬಡ್ಕೊಳ್ತಾನೇ ಇತ್ತು. ನಾಲ್ಕಿತ್ತೇನೋ. ಆದ್ರೆ ನಾನು ನೋಡಿರ್ಲಿಲ್ಲ.

ದಿನ 4 ಮತ್ತೆ 5

ಸೋಮವಾರ ಮಧ್ಯಾಹ್ನದಿಂದ ಹಿಮ. ಮಂಗಳವಾರ ಬೆಳಗ್ಗೆ ಒಂದಡಿ ಹತ್ರ ಬಿದ್ದಿತ್ತು, ರಾತ್ರಿ ಮೂರು ಸಲ ಎದ್ದು ಡೇರೆ ಮೇಲಿನ ಹಿಮ ಒಳಗಿಂದ ಪೊರಕೇಲಿ ತಟ್ಟಿ ಕೆಡವಿದ್ವಿ, ಆದ್ರೂ ಒಂದು ಮೂಲೆ ಹಗ್ಗ ಕಿತ್ತು ಅಕ್ಕಿ ಮೂಟೆ ಮೇಲೇ ಕುಸೀತು. ಬಾಮೈದ ಸೋಮವಾರ ಬೆಳಗ್ಗೇನೇ ಚೇತರಿಸ್ಕೊಂಡು ವಾಪಸ್ ಬಂದಿದ್ದ, ಮುಖದಲ್ಲಿ ಬಣ್ಣ ಬಂದಿತ್ತು. ಹಿರಿಯರಿಗೆ ಹಿಮ ನೋಡಿ ಖುಷಿ, ಈಗ ಇವು ಕೆಳಗಿಳಿತವೆ ಅಂದ್ರು. ಮೇಲೆ ಹುಲ್ಲು ಮುಚ್ಚಿದ್ರೆ ಎಲ್ಕ್ ಕೆಳಗಿನ ಹುಲ್ಲುಗಾವಲು ಹುಡುಕ್ಕೊಂಡು ಬರ್ತವೆ, ಹೆಜ್ಜೆ ಕೂಡ ಪುಸ್ತಕದ ಅಕ್ಷರದ ಥರ ಕಾಣುತ್ತೆ. ಅಮಾವಾಸ್ಯೆ ಹತ್ರ ಇರೋದೂ ಒಳ್ಳೇದು, ರಾತ್ರಿ ಬೆಳ್ದಿಂಗಳಲ್ಲಿ ಮೇಯೋಕಾಗ್ದೆ ಹಗಲು ಹೊರಗೆ ಬರ್ತವೆ ಅನ್ನೋದು ಅವರ ನಂಬಿಕೆ.

ಮಂಗಳವಾರ ಸಂಜೆ ಒಂದು ಗುಂಪಿನ ಹೆಜ್ಜೆ ಸಿಕ್ತು, ಎಂಟೋ ಒಂಬತ್ತೋ. ಗೊರಸಿನ ಅಂಚು ಇನ್ನೂ ಚೂಪಾಗಿತ್ತು, ಹಿಕ್ಕೆ ಬೆರಳಲ್ಲಿ ಒತ್ತಿದ್ರೆ ಮೆತ್ತಗೆ. ಬಾಮೈದ ಹಿಂದೇನೇ ಹೋಗೋಣ ಅಂದ, ಹಿರಿಯರು ಬೇಡ ಅಂದ್ರು. ಈಗ ಓಡಿಸಿದ್ರೆ ಮುಂದಿನ ಕಣಿವೆಗೆ ಹೋಗ್ತವೆ, ನಾಳೆ ಗಾಳಿ ನೋಡ್ಕೊಂಡು ಬರೋಣ.

ದಿನ 6, ಬುಧವಾರ

ಗಾಳಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಬೆಟ್ಟದಲ್ಲಿ ಬೆಳಗ್ಗೆ ತಣ್ಣಗಿನ ಗಾಳಿ ನೀರಿನ ಥರ ಕಣಿವೆಗೆ ಇಳಿಯುತ್ತೆ, ಬಿಸಿಲು ಬಿದ್ಮೇಲೆ ಅದೇ ಗಾಳಿ ಮೇಲಕ್ಕೆ ಏರುತ್ತೆ, ಸಂಜೆ ನೆರಳು ಬಿದ್ದ ಕಡೆ ಮತ್ತೆ ಇಳಿಯುತ್ತೆ. ಎಲ್ಕ್ ಕಣ್ಣಿಗೆ ಮೋಸ ಮಾಡಬಹುದು, ಕಿವಿಗೂ ಒಂದೊಂದ್ಸಲ ಮಾಡಬಹುದು, ಮೂಗಿಗೆ ಆಗಲ್ಲ. ಹಿರಿಯರ ಹತ್ರ ಒಂದು ಪುಟ್ಟ ಪ್ಲಾಸ್ಟಿಕ್ ಬಾಟ್ಲಿ ಇದೆ, ಒತ್ತಿದ್ರೆ ಬಿಳೀ ಪುಡಿ ಹಾರುತ್ತೆ. ನಮ್ಮಜ್ಜ ಒಲೆ ಬೂದಿ ಬಟ್ಟೇಲಿ ಕಟ್ಕೊಂಡು ಹೋಗ್ತಿದ್ರಂತೆ.

ಬೆಳಗ್ಗೆ ಗುಂಪು ದಿಬ್ಬದ ಮೇಲಿನ ಕಾಡಲ್ಲಿ ಮಲಗಿದೆ ಅಂತ ಹೆಜ್ಜೆಯಲ್ಲೇ ಗೊತ್ತಾಯ್ತು. ಈಗ ಹತ್ತಿದ್ರೆ ನಮ್ಮ ವಾಸನೆ ಬಿಸಿಲಿಗೆ ಏರಿ ನೇರ ಅವುಗಳ ಮೂಗಿಗೆ. ಆದ್ರಿಂದ ಕಾದ್ವಿ. ಹಿಮದ ಮೇಲೆ ಪ್ಯಾಡ್ ಹಾಸ್ಕೊಂಡು ಐದು ಗಂಟೆ ಕಾಲ, ಮಾತಿಲ್ಲ, ಬೆಂಕಿ ಇಲ್ಲ, ತಣ್ಣಗಿನ ಅಕ್ಕಿ ರೊಟ್ಟಿ. ಮಗಳ ತುಟಿ ನೀಲಿ ಆಗಿತ್ತು, ವಾಪಸ್ ಹೋಗೋಣ್ವಾ ಅಂತ ಸನ್ನೆ ಮಾಡಿ ಕೇಳ್ದೆ, ತಲೆ ಅಲ್ಲಾಡಿಸಿದ್ಳು.

ನಾಲ್ಕೂವರೆಗೆ ದಿಬ್ಬದ ಈ ಮಗ್ಗುಲಿಗೆ ನೆರಳು ಬಂತು. ಹಿರಿಯರು ಬಾಟ್ಲಿ ಒತ್ತಿದ್ರು, ಪುಡಿ ನಮ್ಮ ಮುಖಕ್ಕೇ ಬಂತು. ಹೊರಟ್ವಿ. ಇಪ್ಪತ್ತು ಹೆಜ್ಜೆ, ನಿಲ್ಲು, ನೋಡು, ಮತ್ತೆ ಹತ್ತು ಹೆಜ್ಜೆ. ಮೊದಲು ಕಂಡಿದ್ದು ಮರಗಳ ಸಂದಿಯಲ್ಲಿ ಒಂದು ತಿಳಿ ಹಳದಿ ಹಿಂಭಾಗ. ವಾಪಿಟಿ ಅಂತ ಇವಕ್ಕೆ ಶಾನೀ ಅನ್ನೋ ಮೂಲನಿವಾಸಿ ಜನ ಇಟ್ಟ ಹೆಸರಿನ ಅರ್ಥವೇ ಬಿಳೀ ಹಿಂಭಾಗ ಅಂತ. ಒಂದಲ್ಲ, ಒಂಬತ್ತು.

ಮಗಳು ಬಿದ್ದ ಮರದ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ರೈಫಲ್ ಇಟ್ಳು. 170 ಗಜ. ಹಿರಿಯರು ಕಿವಿ ಹತ್ರ ಬಂದು, ಎಡಗಡೆಯದು, ಅದಕ್ಕೆ ಕರು ಇಲ್ಲ ಅಂದ್ರು. ಅದು ಅಡ್ಡ ನಿಂತಿತ್ತು, ಆದ್ರೆ ಅದರ ಹಿಂದೆಯೇ ಇನ್ನೊಂದು ನಿಂತಿತ್ತು. ಗುಂಡು ಒಂದರಿಂದ ದಾಟಿ ಇನ್ನೊಂದಕ್ಕೆ ಹೋಗುತ್ತೆ. ಮಗಳು ಬೆರಳು ಟ್ರಿಗರ್‌ನಿಂದ ಹೊರಗಿಟ್ಟು ಸುಮ್ನೆ ಕೂತ್ಳು. ಒಂದು ನಿಮಿಷ, ಐದು ನಿಮಿಷ, ಗಡಿಯಾರ ನೋಡ್ದೆ ಹನ್ನೆರಡು ನಿಮಿಷ. ಗಾಳಿ ಯಾವ ಗಳಿಗೇಲಾದ್ರೂ ತಿರುಗಬಹುದಿತ್ತು, ನನಗೆ ಹೊಡಿ ಅನ್ನೋ ಮಾತು ಗಂಟಲವರೆಗೂ ಬಂದಿತ್ತು, ನುಂಗ್ಕೊಂಡೆ. ಹಿಂದಿನದು ಮೂರು ಹೆಜ್ಜೆ ಮೇಲಕ್ಕೆ ಹೋಯ್ತು. ಅವಳು ಉಸಿರು ಅರ್ಧ ಬಿಟ್ಟು ನಿಲ್ಲಿಸಿದ್ದು ನನಗೆ ಕೇಳ್ತು, ಆಮೇಲೆ ಈಡು.

ಎಲ್ಲವೂ ಓಡಿದ್ವು. ಅದೂ ಓಡ್ತು. ಇವಳು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. ಹಿರಿಯರು ಇಪ್ಪತ್ತು ನಿಮಿಷ ಯಾರೂ ಅಲ್ಲಾಡಬೇಡಿ ಅಂದ್ರು, ಗಾಯ ಆದದ್ದನ್ನ ತಳ್ಳಿಕೊಂಡು ಹೋದ್ರೆ ಮೈಲಿಗಟ್ಲೆ ಓಡುತ್ತೆ. ಆಮೇಲೆ ನಿಂತಿದ್ದ ಜಾಗಕ್ಕೆ ಹೋದ್ವಿ. ಹಿಮದ ಮೇಲೆ ಗುಲಾಬಿ ಬಣ್ಣದ ನೊರೆ ಇರೋ ರಕ್ತ, ಶ್ವಾಸಕೋಶದ್ದು. ಅರವತ್ತು ಹೆಜ್ಜೆ ಕೆಳಗೆ, ಎರಡು ಬಿದ್ದ ಮರಗಳ ನಡುವೆ ಅದು ಮಲಗಿತ್ತು.

ಮಗಳು ಕೈಗವಸು ತೆಗೆದು ಅದರ ಕುತ್ತಿಗೆ ಮೇಲೆ ಕೈ ಇಟ್ಟು ತುಂಬ ಹೊತ್ತು ಕೂತಿದ್ಳು. ಹಿರಿಯರು ಟೋಪಿ ತೆಗೆದ್ರು. ನಾನು ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಅಜ್ಜ ಕೋವಿ ಇಳಿಸುವಾಗ ಮಾಡ್ತಿದ್ದಂಗೆ.

ಆಮೇಲೆ ಕೆಲಸ. ಮೊದಲು ಟ್ಯಾಗ್ ಹರಿದು ತಾರೀಖು ಹಾಕಿ ಸಹಿ ಮಾಡ್ಬೇಕು, ಪೆನ್ನು ಚಳಿಗೆ ಕಟ್ಟಿತ್ತು, ಪೆನ್ಸಿಲ್‌ನಲ್ಲಿ ಮಾಡಿದ್ಳು. ಕತ್ತಲಾಯ್ತು. ಹೆಡ್‌ಲ್ಯಾಂಪ್ ಬೆಳಕಲ್ಲಿ ಚರ್ಮ ಬಿಡಿಸ್ತಾ ಹೋದಂಗೆ ಬಿಸಿ ಹಬೆ ಮೇಲೆದ್ದು ಏನೂ ಕಾಣ್ತಿರ್ಲಿಲ್ಲ, ಬೆರಳು ಮರಗಟ್ಟಿದಾಗ ಎರಡೂ ಕೈ ತೊಡೆ ಮಾಂಸ ಮತ್ತೆ ಚರ್ಮದ ನಡುವೆ ಇಟ್ಟು ಬಿಸಿ ಮಾಡ್ಕೊಳ್ತಿದ್ವಿ. ಹುಲ್ಲು, ರಕ್ತ, ಸ್ಪ್ರೂಸ್ ಅಂಟು ಸೇರಿದ ವಾಸನೆ. ಹೊಟ್ಟೆ ಸೀಳದೆ ಒಂದೊಂದೇ ಕಾಲು ಬಿಡಿಸೋ ವಿಧಾನ ಹಿರಿಯರದು, ದನದ ಡಾಕ್ಟರ್ ಕೈ, ಕೀಲು ಎಲ್ಲಿದೆ ಅಂತ ಕಣ್ಣು ಮುಚ್ಚಿ ಗೊತ್ತು. ಹೆಣ್ಣು ಅಂತ ತೋರಿಸೋ ಗುರುತು ಒಂದು ಕಾಲಿನ ಜೊತೆ ಅಂಟಿಕೊಂಡೇ ಇರ್ಬೇಕು, ಕಾನೂನು. ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಗಿನ ಮಾಂಸ ಬಿಟ್ಟು ಬರೋ ಹಂಗಿಲ್ಲ, ಅದೂ ಕಾನೂನು, ಕೊಂಬಿಗೋಸ್ಕರ ಹೊಡೆದು ಮಾಂಸ ಬಿಸಾಕೋರಿಗೆ ಇಲ್ಲಿ ಕೇಸೇ ಬೀಳುತ್ತೆ. ಎಲ್ಲ ಬಟ್ಟೆ ಚೀಲಕ್ಕೆ ತುಂಬಿ ಕರಡಿಗೆ ಸಿಗದಂಗೆ ಎತ್ತರಕ್ಕೆ ಕಟ್ಟಿ ಡೇರೆಗೆ ಬಂದಾಗ ರಾತ್ರಿ ಹನ್ನೊಂದೂವರೆ.

ಬಾಮೈದ ಕಾಚಂಪುಳಿ ಬಾಟ್ಲಿ ತೆಗೆದ. ಹಿರಿಯರು ಕೈ ಅಡ್ಡ ಇಟ್ರು. ಇಲ್ಲಿನ ಜಿಂಕೆ, ಎಲ್ಕ್‌ಗಳಲ್ಲಿ ಮಿದುಳು ಸವೆಸೋ ಒಂದು ರೋಗ ಇದೆ, 1967ರಲ್ಲಿ ಮೊದಲು ಕಂಡಿದ್ದೇ ಇದೇ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ. ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದ್ರೆ ಟೆಸ್ಟ್ ಆಗೋವರೆಗೆ ತಿನ್ನಬಾರದು ಅನ್ನೋದು ಅವರ ನಿಯಮ. ಅನ್ನ, ಚಟ್ನಿಪುಡಿ, ತುಪ್ಪ ತಿಂದು ಮಲಗಿದ್ವಿ.

ದಿನ 7, ಗುರುವಾರ

ಮಾಂಸ ಹೊರೋಕೆ ಮ್ಯೂಲ್ (ಹೇಸರಗತ್ತೆ) ತರ್ತೀನಿ ಅಂತ ಒಬ್ರ ಹತ್ರ ತಿಂಗಳ ಮುಂಚೇನೇ ಮಾತಾಡಿ ಮುಂಗಡ ಕೊಟ್ಟಿದ್ವಿ. ಸ್ಯಾಟಲೈಟ್‌ನಲ್ಲಿ ಮೆಸೇಜ್ ಹಾಕಿದ್ರೆ ಉತ್ತರವೇ ಇಲ್ಲ. ಹಿಮ ಬಿತ್ತು, ಬರೋಕಾಗಲ್ಲ ಅಂತ ಒಂದು ಮಾತು ಹೇಳಿದ್ರೂ ಸಾಕಿತ್ತು, ನನಗೆ ಈಗ್ಲೂ ಸಿಟ್ಟಿದೆ. ವಿಲ್ಡರ್‌ನೆಸ್ ಒಳಗೆ ಗಾಡಿ ಇಲ್ಲ, ತಳ್ಳೋ ಬಂಡಿ ಕೂಡ ಇಲ್ಲ, ಚಕ್ರ ಅನ್ನೋದೇ ನಿಷೇಧ. ಉಳಿದಿದ್ದು ಬೆನ್ನು.

ಐದು ಕಿಲೋಮೀಟರ್, ಅದರಲ್ಲಿ ಅರ್ಧ ಬಿದ್ದ ಮರಗಳ ಕಾಡು. ಹಿಂಗಾಲು ಒಂದೊಂದು ಇಪ್ಪತ್ತೈದು ಕೆಜಿ ಹತ್ರ. ನಾನು ಬಾಮೈದ ಎರಡೆರಡು ಸಲ ಹೋಗಿ ಬಂದ್ವಿ, ಮಗಳು ಬೆನ್ನಿನ ಮಾಂಸ, ಕುತ್ತಿಗೆ ಮಾಂಸ ಹೊತ್ಳು, ಹಿರಿಯರು ಟೆಸ್ಟಿಗೆ ಬೇಕಾದ ತಲೆ ಹೊತ್ರು. ಭಾರ ಹೊತ್ತು ಮರ ದಾಟೋದು ಎಷ್ಟು ಕಷ್ಟ ಅಂದ್ರೆ ಒಂದು ಕಾಲು ಆಚೆ ಇಟ್ಟು ಹಂಗೇ ಮರದ ಮೇಲೆ ಕೂತ್ಕೊಂಡು ಉಸಿರು ಎಳ್ಕೊಂಡು ಆಮೇಲೆ ಇನ್ನೊಂದು ಕಾಲು. ಎರಡನೇ ಸಲ ಬರುವಾಗ ಬಾಮೈದ, ಭಾನುವಾರ ನಿಲ್ಲೋಕೂ ಆಗ್ದೆ ಇದ್ದೋನು, ನನ್ನ ಮುಂದೆ ನಡೀತಾ "ಬಾವ, ಇಲ್ಲಿ ಜಾರುತ್ತೆ, ಎಡಕ್ಕೆ ಬನ್ನಿ" ಅಂತ ದಾರಿ ಹೇಳ್ತಿದ್ದ.

ಕತ್ತಲೆಗೆ ಎಲ್ಲ ಬಂತು. ಹಣತೆ ತೆಗೆದ್ರೆ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು, ಒಲೆ ಪಕ್ಕ ಇಟ್ಟು ಕರಗಿಸಿ, ಗಾಳಿಗೆ ಆರದಂಗೆ ಬಾಣಲೆ ಒಳಗಿಟ್ಟು ಗಾಡಿ ಹಿಂದೆ ಹಚ್ಚಿದ್ವಿ. ಸುತ್ತ ಬೆಟ್ಟ ಪೂರ್ತಿ ಕಪ್ಪು, ಮೇಲೆ ನಕ್ಷತ್ರ, ಪಕ್ಕದಲ್ಲಿ ಮಾಂಸದ ಬಿಳೀ ಚೀಲಗಳು ಕೊಂಬೇಲಿ ನೇತಾಡ್ತಿದ್ವು. ಎಲ್ಕ್‌ಗೆ ಮೇಲ್ದವಡೇಲಿ ಎರಡು ದಂತದಂಥ ಹಲ್ಲಿರುತ್ತೆ, ಗೋಡಂಬಿ ಚೂರಿನಷ್ಟು. ಮಗಳು ಒಂದನ್ನ ಹಿರಿಯರ ಕೈಗೆ ಕೊಟ್ಟು ಬಗ್ಗಿ ಕಾಲು ಮುಟ್ಟಿದ್ಳು. ಅವರಿಗೆ ಏನ್ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ಅವಳ ತಲೆ ಮೇಲೆ ಕೈ ಇಟ್ರು. ಅದೇ ಸರಿಯಾಗಿತ್ತು.

ದಿನ 8, ಶುಕ್ರವಾರ

ಡೇರೆ ಬಿಚ್ಚಿದ್ವಿ, ಮನೆ. ಸೀಸನ್ ಇನ್ನೂ ಎರಡು ದಿನ ಇತ್ತು, ನನ್ನ ಗಂಡು ಟ್ಯಾಗ್ ಹಂಗೇ ಉಳೀತು.

ಎರಡು ವಾರ ಆದ್ಮೇಲೆ ಟೆಸ್ಟ್ ರಿಸಲ್ಟ್ ಬಂತು, ರೋಗ ಇಲ್ಲ. ನಾಲ್ಕು ಮನೆಗೆ ಪಾಲು ಹಾಕಿದ್ವಿ, ಮ್ಯೂಲಿನೋರಿಗೆ ಕೊಡೋಣ ಅಂತಿದ್ದ ಪಾಲು ಹಿರಿಯರ ಮುದಿ ನಾಯಿಗೆ ಹೋಯ್ತು. ಆ ಭಾನುವಾರ ಹೆಂಡತಿ ಪಂದಿ ಕರಿ ಮಾಡೋ ಥರಾನೇ ಮಸಾಲೆ ಹುರಿದು, ಕೊನೇಲಿ ಕಾಚಂಪುಳಿ ಹಾಕಿ, ಜೊತೆಗೆ ಕಡಂಬುಟ್ಟು ಮಾಡಿದ್ಳು. ಎಲ್ಕ್‌ನಲ್ಲಿ ಕೊಬ್ಬು ಕಮ್ಮಿ, ಅದಕ್ಕೆ ಕುಕ್ಕರಲ್ಲಿ ಚೆನ್ನಾಗಿ ಬೇಯಿಸಿ ಆಮೇಲೆ ಹುರೀಬೇಕು.

ಊಟ ಆದ್ಮೇಲೆ ಊರಿಗೆ ಫೋನ್ ಹಾಕಿದ್ವಿ. ಅಲ್ಲಿ ಬೆಳಗ್ಗೆ, ಅಪ್ಪ ಕಾಫಿ ಕುಡೀತಾ ಜಗಲೀಲಿ ಕೂತಿದ್ರು. ಮಗಳು ಶುರು ಮಾಡಿದ್ಳು, ಹಿಮ, ಡೇರೆ ಬಿದ್ದಿದ್ದು, ಒಂಬತ್ತು ಎಲ್ಕ್, 170 ಗಜ, ಹನ್ನೆರಡು ನಿಮಿಷ. ಅಪ್ಪ ಒಂದು ಮಾತಾಡ್ದೆ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಕೇಳಿದ್ರು:

"ಗಾಳಿ ಯಾವ ಕಡೆಯಿಂದ ಇತ್ತು ಮಗಳೇ?"

"ಮೇಲಿಂದ ಅಜ್ಜ. ನಮ್ಮ ಮುಖಕ್ಕೇ ಬರ್ತಿತ್ತು."

"ಹಾಂ," ಅಂದ್ರು, ಕಾಫಿ ಲೋಟ ಕೆಳಗಿಟ್ಟ ಶಬ್ದ ಕೇಳ್ತು, "ಈಗ ಮೊದಲಿಂದ ಹೇಳು."